ಅಜ್ಜನಿಗೆ ಓದಲಾಗದ ಫಾಂಟ್

ವಿಡಿಯೊ ಕರೆಯಲ್ಲಿ ತೋರಿಸಿದ ಹೊಸ ಅಕ್ಷರಗಳನ್ನು ನೋಡಿ ಅಜ್ಜ ತಲೆಯನ್ನು ಒಂದು ಬದಿಗೆ ವಾಲಿಸಿದರು. ಏನೋ ಹೇಳಿ ನಕ್ಕರು. ಮೊಮ್ಮಗಳು ಪು ಲಾನ್ ನಗಲಿಲ್ಲ.

"ಏನಂದ್ರು?" ಸಿಂಧೂರ ಇಂಗ್ಲಿಷಿನಲ್ಲಿ ಕೇಳಿದಳು.

"ನಮ್ಮ ಅಕ್ಷರಗಳೆಲ್ಲ ಕುಡಿದು ಮಲಗಿವೆಯಂತೆ."

ನೆದರ್ಲೆಂಡ್ಸಿನ ರೈಸ್‌ವೈಕ್‌ನ ಆ ಕಚೇರಿಯಲ್ಲಿ ಸಿಂಧೂರ ಫಾಂಟ್ ವಿನ್ಯಾಸಕಿ. ಪು ಲಾನ್ ಪಕ್ಕದ ಡೆಲ್ಫ್ಟ್‌ನಲ್ಲಿ ಓದುವವಳು, ಚೀನಾದ ಯುನ್ನಾನ್ ಪ್ರಾಂತ್ಯದ ಯಿ ಸಮುದಾಯದವಳು. ಅವಳ ಊರಿನ ಮಂತ್ರಪಾಠಗಳನ್ನು ಗ್ರಂಥಾಲಯವೊಂದು ಆನ್‌ಲೈನಿಗೆ ಏರಿಸಲಿತ್ತು. ಅದಕ್ಕೇ ಈ ಫಾಂಟ್. ಆದರೆ ಯಿ ಲಿಪಿಗೆ ಕಂಪ್ಯೂಟರಿನಲ್ಲಿರುವ ಮಾನಕ ನೆರೆಯ ಸಿಚುವಾನ್ ಪ್ರಾಂತ್ಯದ ಕಡೆಯದು. ಅಲ್ಲಿ ಎಷ್ಟೋ ಅಕ್ಷರಗಳು ಯುನ್ನಾನಿನವಕ್ಕಿಂತ ಕಾಲು ಸುತ್ತು ತಿರುಗಿರುತ್ತವೆ. ಊರಿನ ಹಸ್ತಪ್ರತಿಗಳ ಸ್ಕ್ಯಾನ್ ಅಡ್ಡ ಬಂದಿದೆಯೆಂದು ಭಾವಿಸಿದ ಸಿಂಧೂರ ಎಲ್ಲವನ್ನೂ ಮಾನಕದಂತೆ ತಿರುಗಿಸಿ, ಒಂದನ್ನೊಂದು ಹೋಲುವುದನ್ನೆಲ್ಲ ಒಂದೇ ಅಕ್ಷರವಾಗಿ ಬೆಸೆದುಬಿಟ್ಟಿದ್ದಳು.

"ಮೊದಲಿಂದ ಮಾಡ್ಬೇಕು ಸಾರ್," ಎಂದಳು, ತಂಡದ ಮುಖ್ಯಸ್ಥ ಮಹಾಬಲೇಶ್ವರರಿಗೆ.

"ಏನಮ್ಮಾ, ಶುಕ್ರವಾರ ಡೆಲಿವರಿ! ಸ್ಟ್ಯಾಂಡರ್ಡ್ ಹೆಂಗಿದ್ಯೋ ಹಂಗೇ ಇದೆಯಲ್ಲ. ಯಾರು ಕೇಳ್ತಾರೆ?"

"ಅಜ್ಜ ಕೇಳಿದ್ರಲ್ಲ."

"ಒಬ್ಬ ಮುದುಕನಿಗೋಸ್ಕರ..."

"ಓದೋರಿಗೇ ಓದಕ್ಕೆ ಬರದಿರೋ ಫಾಂಟು ಯಾಕೆ ಸಾರ್, ಶೋಕೇಸಲ್ಲಿ ಇಡಕ್ಕಾ?"

"ಅವರ ಅಕ್ಷರಕ್ಕೆ ಸ್ಟ್ಯಾಂಡರ್ಡಲ್ಲಿ ಕೋಡ್ ನಂಬರೇ ಇಲ್ಲ ಕಣಮ್ಮ. ಎಲ್ಲಿ ಕೂರಿಸ್ತೀಯ?"

"ಯಾರು ಬೇಕಾದ್ರೂ ತುಂಬ್ಕೊಳ್ಳಲಿ ಅಂತ ಖಾಸಗಿ ಬಳಕೆಗೆ ಖಾಲಿ ಬಿಟ್ಟಿರೋ ನಂಬರುಗಳಲ್ಲಿ, ಸದ್ಯಕ್ಕೆ. ಆಮೇಲೆ ಅವರ ಜನ ತಮ್ಮದೇ ಮಾನಕ ಕೇಳಲಿ. ನಾವು ಜೊತೆಗಿರೋಣ."

ಮಾನಕ ಬೇಡವೆಂದು ಅವಳು ಹೇಳಲಿಲ್ಲ. ಅದಿಲ್ಲದಿದ್ದಾಗ ಒಬ್ಬರು ಬರೆದ ಕನ್ನಡ ಇನ್ನೊಬ್ಬರ ಪರದೆಯಲ್ಲಿ ಖಾಲಿ ಚೌಕಗಳಾಗಿದ್ದನ್ನು ಕಂಡವಳು. ಆದರೆ ಒಂದು ಜನದ ಬರಹವನ್ನು ಇನ್ನೊಂದು ಜನದ ಅಚ್ಚಿಗೆ ತುರುಕಿ, ಅದನ್ನೇ ಏಕರೂಪತೆ ಎನ್ನುವುದೇ? ಅದಕ್ಕೆ ದಬ್ಬಾಳಿಕೆ ಎಂಬ ಹೆಸರು ಮೊದಲೇ ಇದೆ.

"ಗ್ರಂಥಾಲಯಕ್ಕೆ ನಾನಂತೂ ಹೇಳಲ್ಲ," ಎಂದರು ಮಹಾಬಲೇಶ್ವರ.

"ನಾನು ಹೇಳ್ತೀನಿ."

ಸಿಂಧೂರ ಅವರೆದುರೇ ಫೋನ್ ಹಚ್ಚಿದಳು. ಗ್ರಂಥಾಲಯದ ಡಚ್ ಮಹಿಳೆ ತಾಳ್ಮೆಯಿಂದ ಕೇಳಿಸಿಕೊಂಡರು. ಎಷ್ಟು ತಪ್ಪಾಗಿದೆ ಎಂದು ಕೇಳಿದರು.

"ಪೂರ್ತಿ. ತಪ್ಪು ನನ್ನದು."

ಬಿಡುಗಡೆ ಸಮಾರಂಭಕ್ಕೆ ಎಲ್ಲರಿಗೂ ಕರೆ ಹೋಗಿದೆ, ಇರುವುದನ್ನೇ ಕೊಡಿ, ಮುಂದೆ ತಿದ್ದಿದರಾಯಿತು ಎಂದರು ಅವರು. ಪು ಲಾನ್ ಬಗ್ಗಿ ಫೋನಿಗೆ ಬಾಯಿಟ್ಟಳು: "ಮುಂದೆ ಯಾರೂ ತಿದ್ದುವುದಿಲ್ಲ. ಬಳಕೆಗೆ ಬಂದದ್ದೇ ಸರಿಯೆನ್ನುತ್ತೀರಿ."

ನಿರ್ದೇಶಕರನ್ನು ಕೇಳಿ ಹೇಳುತ್ತೇನೆಂದು ಆ ಮಹಿಳೆ ಫೋನಿಟ್ಟರು.

ಸಿಂಧೂರ ಕಂಪ್ಯೂಟರಿನತ್ತ ತಿರುಗಿ, ಸ್ಕ್ಯಾನ್‌ಗಳನ್ನಷ್ಟೇ ಉಳಿಸಿ, ಫಾಂಟನ್ನು ಅಳಿಸಿದಳು. ಮಹಾಬಲೇಶ್ವರ ಕುರ್ಚಿಯಿಂದ ಎದ್ದರು.

"ಬ್ಯಾಕಪ್ ಇದೆ ತಾನೇ?"

"ಅದನ್ನೇ ಮೊದಲು ಅಳಿಸ್ದೆ ಸಾರ್."