ಪಾಸ್ಟರರ ತಲೆಯ ಮೇಲೊಂದು ಕೈ

ತೆಲಂಗಾಣ ರಾಜ್ಯವಾದ ವರ್ಷ. ಆರಾಧನೆ ಮುಗಿಯುತ್ತಲೇ ಮಕ್ತಲದ ಸಭೆಯವರು ನೋವಿಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು, ಅದರ ಮೇಲೆ ಪ್ರಾರ್ಥನೆ ಮಾಡಿಸಿಕೊಳ್ಳಲು ಹೊಸ ಪಾಸ್ಟರರ ಮುಂದೆ ಸಾಲುಗಟ್ಟಿದರು. ಪಾಸ್ಟರರ ಮೈ ಜ್ವರದಿಂದ ಸುಡುತ್ತಿತ್ತು. ಸಭೆಯ ಹಿರಿಯ ನಾಗಯ್ಯನ ಕಣ್ಣು ಕೆಂಪಾಯಿತು. ಹಿಂದಿನ ಪಾಸ್ಟರ್ ಅವನ ಸ್ವಂತ ತಮ್ಮ; ಇಂಥದೇ ಜ್ವರದಲ್ಲಿ ಮನೆಮನೆ ತಿರುಗಿ ಪ್ರಾರ್ಥಿಸಿ, ಹೋದ ತಿಂಗಳು ಮಣ್ಣು ಸೇರಿದ್ದ.

“ಒಬ್ಬನ್ನ ತಿಂದ್ರಿ, ಸಾಲಲಿಲ್ಲೇನು?” ಎಂದು ಗುಡುಗಿದ.

“ಅಯ್ಯಗಾರು ಪ್ರಾರ್ಥನಿ ಮಾಡ್ಲಿಲ್ಲಂದ್ರ ನನ್ನ ಮೊಣಕಾಲು ನೋವು ಹೋಗಾಂಗಿಲ್ಲ, ಮಾವ,” ಎಂದಳು ಆಶಮ್ಮ.

“ಅವರ ಜ್ವರಕ್ಕ ಯಾರು ಮಾಡಬೇಕು? ನಿನ್ನ ಮೊಣಕಾಲೇನು?”

ಯಾರೋ ನಕ್ಕರು. ನಾಗಯ್ಯ ಪಾಸ್ಟರರನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯ ಮೇಲೆ ಕೈಯಿಟ್ಟ. ತಮ್ಮನಿಗೆ ತಾನೂ ಒಮ್ಮೆಯೂ ಹೀಗೆ ಮಾಡಿರಲಿಲ್ಲ. ಜನರ ಮೇಲಿನ ಸಿಟ್ಟು ಈಗ ಅವನ ಮೇಲೇ ತಿರುಗಿತು.

ಆಶಮ್ಮ ಬಾಟಲಿ ಕೆಳಗಿಟ್ಟು, ಕುಂಟುತ್ತ ಬಂದು, ಅವನ ಕೈಮೇಲೆ ಕೈಯಿಟ್ಟು, “ತಂದೀ...” ಎಂದು ಪ್ರಾರ್ಥನೆ ಶುರುಮಾಡಿದಳು.