ಚಲುವನ ಎಡಗಿವಿ

ನನ್ನ ತಮ್ಮ ಚಲುವರಾಜು ಇಪ್ಪತ್ತೆರಡು ವರ್ಷದಿಂದ ಬೈಕ್ ರೇಸು ಓಡಿಸುತ್ತಿದ್ದಾನೆ. ಸಣ್ಣ ಇಂಜಿನ್ನಿನ ಕ್ಲಾಸುಗಳಲ್ಲಿ ಗೆದ್ದ ಕಪ್ಪುಗಳು ಬೆಳಕವಾಡಿಯ ನಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿವೆ. ಆದರೆ ಇಡೀ ದೇಶಕ್ಕೆ ದೊಡ್ಡದು ಅನ್ನುವ ಕ್ಲಾಸಿನಲ್ಲಿ ಹನ್ನೊಂದು ವರ್ಷ ಓಡಿಸಿ ಒಂದೇ ಒಂದು ಸಲವೂ ಮೊದಲು ಬಂದಿಲ್ಲ. ಎರಡನೆಯವನಾಗಿ ಬಂದದ್ದು ಒಂಬತ್ತು ಸಲ. ಮೂರನೆಯವನಾದದ್ದರ ಲೆಕ್ಕ ಅವನಿಗೂ ಇಲ್ಲ, ನನಗೂ ಇಲ್ಲ.

ನಾನು ಇಂದ್ರಮ್ಮ, ಸರ್ಕಾರಿ ಬಸ್ಸಿನ ಕಂಡಕ್ಟರು. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ, ಮತ್ತೆ ವಾಪಸ್ಸು. ಹತ್ತೊಂಬತ್ತು ವರ್ಷದ ಸರ್ವೀಸು. ನನ್ನ ಬಾಯಿಗೆ ಹೆದರಿ ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರು ತಾವಾಗಿಯೇ ಒಳಗೆ ಬಂದು ನಿಲ್ಲುತ್ತಾರೆ. ಆದರೆ ಬಸ್ಸು ಹತ್ತುವ ದೊಡ್ಡವರ ಬಾಯಿ ಮುಚ್ಚಿಸುವುದು ನನ್ನಿಂದ ಆಗಿಲ್ಲ. "ಏನವ್ವ ಇಂದ್ರಮ್ಮ, ನಿನ್ ತಮ್ಮ ಈ ಸತಿಯಾದ್ರೂ ಗೆದ್ನಾ?" ಎಂದು ಕೇಳುತ್ತಾರೆ. "ಮೊದ್ಲು ಟಿಕೆಟ್ ತಗೊ, ಆಮೇಕೆ ಅವನ್ ಇಚಾರ" ಎನ್ನುತ್ತೇನೆ. ಗೆಲ್ಲದವನು ಯಾಕೆ ಓಡಿಸುತ್ತಾನೆ ಅಂತ ಕೇಳುವವರು ಯಾರೂ ತಮ್ಮ ಜೀವಮಾನದಲ್ಲಿ ಏನನ್ನೂ ಗೆದ್ದವರಲ್ಲ, ಅದು ಬೇರೆ ಮಾತು.

ಈ ಸಲದ ಕೊನೆಯ ರೇಸು ನವೆಂಬರಿನಲ್ಲಿ ಮುಗಿಯಿತು. ಚಲುವ ಮೂರನೆಯವನಾದ. ಆ ವಾರದ ಗುರುವಾರ ಬೆಳಿಗ್ಗೆ ಮದ್ದೂರಿನಲ್ಲಿ ನಿಜಾಮುದ್ದೀನ್ ನನ್ನ ಬಸ್ಸು ಹತ್ತಿದರು. ಮದ್ದೂರಿನಲ್ಲಿ ಅವರದೊಂದು ಗ್ಯಾರೇಜು ಇದೆ. ಚಲುವ ಮೊದಲ ಬೈಕು ಕೊಂಡ ದಿನದಿಂದ ಅದರ ಇಂಜಿನ್ನು ಬಿಚ್ಚುವುದು, ಕೂರಿಸುವುದು ಎಲ್ಲ ಅವರೇ. ಮುಖ ಸಪ್ಪಗಿತ್ತು.

"ಇಂದ್ರಕ್ಕ, ಚಲುವ ಬುಟ್ಬುಡ್ತಾವನೆ."

"ಏನ ಬುಟ್ಬುಡ್ತಾನೆ? ಸರಿಯಾಗಿ ಏಳು."

"ರೇಸು ಕಣಕ್ಕ. ಟೀಮಿನ ಮ್ಯಾನೇಜರಮ್ಮ ದೀಪಿಕ ಮೇಡಮ್ಮು ಇನ್ನೊಂದು ವರ್ಸಕ್ಕೆ ಕಾಗ್ದ ಇಡ್ಕೊಂಡು ಭಾನುವಾರ ನನ್ ಗ್ಯಾರೇಜಿಗೆ ಬತ್ತಾವ್ರೆ. ಸೈನು ಆಕಾಕಿಲ್ಲ ಅಂತ ಏಳ್ಬುಡ್ತಾನಂತೆ."

"ಅವರೇ ಕರೆದ್ರೂ ಬ್ಯಾಡಂತಾ? ತಲೆ ಕೆಟ್ಟಿದ್ದದಾ ಅವನ್ಗೆ?"

"ಐದು ವರ್ಸದ್ ಹಿಂದೆ ನನ್ ಕೈ ಮುಟ್ಟಿ ಮಾತು ಕೊಟ್ಟಿದ್ದ. ನಲವತ್ತೈದು ತುಂಬೋದ್ರೊಳಗೆ ದೊಡ್ ಕ್ಲಾಸಲ್ಲಿ ಒಂದು ಗೆಲ್ದೆ ಓದ್ರೆ ಎಲ್ಮೆಟ್ಟು ಕಳ್ಚಿ ಇಟ್ಬುಡ್ತೀನಿ ಅಂತ. ಜೂನಲ್ಲಿ ತುಂಬ್ತು. ಈ ಸೀಜನ್ನು ಮುಗೀಲಿ ಅಂತ ತಡ್ಕೊಂಡಿದ್ದ, ಅದೂ ಮುಗೀತು. ಎಷ್ಟು ಏಳಿದ್ರೂ ಕೇಳಾಕಿಲ್ಲ. ಕೊಟ್ ಮಾತು ಅಂತಾನೆ."

ನಾನು ಟಿಕೆಟ್ ಮಿಷನ್ನು ಒತ್ತುತ್ತಲೇ ಇದ್ದೆ. ನಲವತ್ತೈದು ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ತಪ್ಪು ಒತ್ತಿತು. ಅವನಿಗೆ ನಲವತ್ತೈದು ಎಲ್ಲಿಂದ ಬಂತು? ಎದುರಿಗೆ ನಿಂತಿದ್ದವರು ಚಿಕ್ಕರಸಿನಕೆರೆಯ ಸಿದ್ದರಾಜು, ಮೀಸೆ ಹೊತ್ತ ಧಡೂತಿ ಆಸಾಮಿ. ಅವರಿಗೆ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಟ್ಟಿದ್ದೆ. ಬಸ್ಸಿಗೆ ಬಸ್ಸೇ ಘೊಳ್ಳೆಂದು ನಕ್ಕಿತು. "ಇರ್ಲಿ ಬುಡವ್ವ, ಸೆರಗು ಒದ್ಕೊತೀನಿ" ಎಂದರು ಸಿದ್ದರಾಜು. ನನಗೆ ನಗು ಬರಲಿಲ್ಲ. ಆ ನಲವತ್ತೈದನ್ನು ತಂದಿಟ್ಟವಳು ನಾನೇ.

ಹೇಳುತ್ತೇನೆ. ಚಲುವ ಹುಟ್ಟಿದ್ದು ಸಂಕ್ರಾಂತಿಯ ಹಿಂದಿನ ದಿನ. ಸೂಲಗಿತ್ತಿ ಚಿಕ್ಕಬೋರಮ್ಮನನ್ನು ಕರೆಯಲು ಓಡಿದವಳು ನಾನೇ. ಅದೇ ವರ್ಷ ಜೂನಿನಲ್ಲಿ ನಾನು ಒಂದನೇ ಕ್ಲಾಸು ಸೇರಿದೆ. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವನಿಗೆ ನಾಲ್ಕೂವರೆ. ನಮ್ಮವ್ವ ನಾಟಿಗೆ, ಕಳೆಗೆ ಹೋಗಬೇಕಿತ್ತು. "ಇಸ್ಕೂಲು ಸಾಕು, ಮೊಗ ನೋಡ್ಕೊಂಡು ಮನೇಲಿರು" ಎಂದುಬಿಟ್ಟಳು. ಎರಡು ದಿನ ಊಟ ಬಿಟ್ಟು ಅತ್ತೆ. ಮೂರನೇ ದಿನ ಚಲುವನನ್ನು ಕಂಕುಳಲ್ಲಿ ಎತ್ತಿಕೊಂಡು ಸ್ಕೂಲಿಗೇ ಹೋದೆ.

ಹೆಡ್‌ಮೇಷ್ಟರು ಚೌಡಯ್ಯನವರು, ಸೇರಿಸದ ಮಗುವನ್ನು ಕೂರಿಸಿಕೊಳ್ಳುವ ಹಾಗಿಲ್ಲ ಎಂದರು. ಹಾಗಾದರೆ ಸೇರಿಸಿಕೊಳ್ಳಿ ಎಂದೆ. ಆಗೆಲ್ಲ ಹುಟ್ಟಿದ ತಾರೀಖು ಯಾರ ಹತ್ತಿರ ಇರುತ್ತಿತ್ತು? ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದೆ ಅಂತ ಲೆಕ್ಕ. ಚಲುವನ ಬೆರಳು ನೆತ್ತಿ ದಾಟಿ ಸ್ವಲ್ಪ ಕೆಳಗಿಳಿದು ನಿಂತುಬಿಡುತ್ತಿತ್ತು. ಒಂದು ವಾರ ಹಿತ್ತಲಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ಕತ್ತು ವಾಲಿಸು, ಭುಜ ಎತ್ತು, ಉಸಿರು ಬಿಡು. ಮುಟ್ಟಿದರೆ ಒಂದು ಚೂರು ಬೆಲ್ಲ.

ಮೇಷ್ಟರ ಮುಂದೆ ನಿಲ್ಲಿಸಿದ ದಿನ ಅವನು ಇಡೀ ಮೈಯನ್ನೇ ಒಂದು ಕಡೆಗೆ ವಾಲಿಸಿದ. ಅದೂ ಸಾಲದೆ ನಾನು ಹಿಂದಿನಿಂದ ಮೊಣಕೈ ದೂಡಿದೆ, ಬೆರಳ ತುದಿ ಕಿವಿಗೆ ತಗುಲಿತು. ಮೇಷ್ಟರು ಕಂಡರೂ ಕಾಣದವರ ಹಾಗೆ ನಕ್ಕರು. ಅವರಿಗೂ ಒಂದನೇ ಕ್ಲಾಸಿಗೆ ತಲೆ ಕಡಿಮೆ ಇದ್ದವು. ಹುಟ್ಟಿದ ತಾರೀಖು ಆರು ವರ್ಷ ಹಿಂದಿನ ಜೂನ್ ಒಂದು ಎಂದು ಬರೆದುಕೊಂಡರು. ಆ ವರ್ಷ ಸೇರಿದ ಹನ್ನೆರಡು ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದ್ದರು.

ಹೀಗೆ ನಾನು ಓದಿದೆ. ಎಸ್ಸೆಸ್ಸೆಲ್ಸಿ ಪಾಸಾದೆ, ಕೆಲಸಕ್ಕೆ ಸೇರಿದೆ. ನಮ್ಮ ಮನೆಯಲ್ಲಿ ಹುಟ್ಟಿದ ಹಬ್ಬ ಮಾಡುವ ಪದ್ಧತಿಯೇ ಇರಲಿಲ್ಲ. ಅಪ್ಪ ಅವ್ವ ಹೋದರು. ಚಲುವ ಕಾಗದದಲ್ಲಿ ಇದ್ದದ್ದನ್ನೇ ನಂಬಿ ಬೆಳೆದ. ಅವನಿಗೆ ಹೇಳಬೇಕು ಅಂತ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು, ಮತ್ತು ಹೇಳಲು ಭಯವಾಯಿತು. ನನ್ನ ಓದಿಗೋಸ್ಕರ ತಮ್ಮನ ವಯಸ್ಸಿನ ಲೆಕ್ಕ ತಪ್ಪಿಸಿದವಳು ನಾನು. ಅವನು ಆ ತಪ್ಪು ಲೆಕ್ಕ ನಂಬಿ, ತನಗೆ ಜೀವವಾದದ್ದನ್ನು ಬಿಡಲು ಹೊರಟಿದ್ದಾನೆ. ಸಿಟ್ಟು ಮಾಡಿಕೊಂಡರೆ? ಶುಕ್ರವಾರ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಶನಿವಾರವೂ ಅಷ್ಟೆ. ಬಸ್ಸಿನಲ್ಲಿ ನೂರು ಜನಕ್ಕೆ ಬೈಯುವ ಬಾಯಿ ಒಬ್ಬ ತಮ್ಮನ ಮುಂದೆ ಕಟ್ಟಿಹೋಯಿತು.

ಭಾನುವಾರ ನನಗೆ ರಜೆ. ಹತ್ತು ಗಂಟೆಗೆ ಗ್ಯಾರೇಜು ತಲುಪಿದಾಗ ದೀಪಿಕ ಆಗಲೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮೂವತ್ತೈದರ ಆಸುಪಾಸಿನ ಬೆಂಗಳೂರಿನ ಹೆಣ್ಣು. ಅವಳ ಎದುರು ಚಲುವ, ತೊಡೆಯ ಮೇಲೆ ಹೆಲ್ಮೆಟ್ಟು. ನಿಜಾಮುದ್ದೀನ್ ಸುಮ್ಮನೆ ಒಂದು ಸ್ಪ್ಯಾನರನ್ನು ಒರೆಸುತ್ತಿದ್ದರು, ಆಗಲೇ ಫಳಫಳ ಹೊಳೆಯುತ್ತಿದ್ದ ಸ್ಪ್ಯಾನರನ್ನು.

"ಗೆಲ್ಲೋದಕ್ಕೆ ನಮ್ಮಲ್ಲಿ ಇಬ್ಬರು ಹುಡುಗರಿದ್ದಾರೆ ಸರ್," ಎನ್ನುತ್ತಿದ್ದಳು ದೀಪಿಕ. "ಆದ್ರೆ ಗಾಡಿಗೆ ಏನಾಗಿದೆ ಅಂತ ನಾಲ್ಕು ಸುತ್ತು ಹೊಡೆದು ಬಂದು ಸರಿಯಾಗಿ ಹೇಳೋರು ನೀವೊಬ್ಬರೇ. ಹನ್ನೊಂದು ವರ್ಷದಲ್ಲಿ ಎರಡೇ ಸಲ ಬಿದ್ದಿದ್ದೀರಿ. ಆ ಹುಡುಗರು ನಿಮ್ಮ ಹಿಂದೆ ಓಡಿಸಿಯೇ ಕಲಿತಿದ್ದು. ನೀವು ಗೆದ್ದಿಲ್ಲ ಅಂತ ನಾವು ಯಾವತ್ತಾದ್ರೂ ಕೇಳಿದ್ದೀವಾ?"

"ನೀವು ಕೇಳಿಲ್ಲ ಮೇಡಂ. ನಾನ್ ನನ್ನೇ ಕೇಳ್ಕೊಂಡಿವ್ನಿ," ಎಂದ ಚಲುವ. "ಆಸೆ ಇಲ್ಲ ಅಂತಲ್ಲ. ಬೆಳಿಗ್ಗೆ ಎದ್ರೆ ಅದೇ ಗ್ಯಾನ. ಆದ್ರೆ ಮಾತು ಅಂದ್ರೆ ಮಾತು. ನಲವತ್ತೈದು ಆಯ್ತು."

"ಆಗಿಲ್ಲ," ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

"ಬಾಕ್ಕ, ಕೂತ್ಕೊ. ಏನಾಗಿಲ್ಲ?"

"ನಿಂಗೆ ನಲವತ್ತೈದು ಆಗಿಲ್ಲ ಕಣ್ಲಾ. ನಲವತ್ಮೂರು. ಬರೋ ಸಂಕ್ರಾಂತಿ ಮುಂಚಿನ್ ದಿನಕ್ಕೆ ನಲವತ್ನಾಕು ತುಂಬ್ತದೆ. ನಲವತ್ತೈದಕ್ಕೆ ಅದ್ರಾಚೆ ಸಂಕ್ರಾಂತಿ ಬರ್ಬೇಕು."

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವ್ವ ಹೇಳಿದ್ದು, ಹಿತ್ತಲು, ಬೆಲ್ಲ, ಮೊಣಕೈ, ಚೌಡಯ್ಯ ಮೇಷ್ಟರು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ. "ನಾನ್ ಓದ್ಬೇಕಿತ್ತು ಕಣೋ. ನಿನ್ನ ಬುಟ್ಟು ಓಗಂಗಿರ್ಲಿಲ್ಲ. ಅದ್ಕೇ ಇಂಗ್ ಮಾಡ್ದೆ. ಬೈಯೋದಾದ್ರೆ ಬೈದ್ಬುಡು."

ಚಲುವ ಹೆಲ್ಮೆಟ್ಟನ್ನು ಕೆಳಗಿಟ್ಟು ಎದ್ದು ನಿಂತು, ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಹಿಡಿದುಕೊಂಡ. ಎರಡು ಸಲ ಮುರಿದು ಕೂಡಿಸಿದ್ದ ಭುಜದ ಮೂಳೆ ಲಟಕ್ ಎಂದಿತು.

"ಈಗ ಸಿಕ್ತದೆ!" ಎಂದ.

ನಿಜಾಮುದ್ದೀನ್ ಸ್ಪ್ಯಾನರು ಬಿಸಾಕಿ ತಮ್ಮ ಕಿವಿ ಹಿಡಿದು ನೋಡಿದರು. ದೀಪಿಕಳೂ ಹಿಡಿದು ನೋಡಿದಳು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು, ಈ ಮೂವರಿಗೆ ಯಾರು ಯಾಕೆ ಶಿಕ್ಷೆ ಕೊಟ್ಟಿದ್ದಾರೆ ಎಂದು ನೋಡತೊಡಗಿದರು.

"ಮೇಡಂ, ಮುಂದಿನ ಸೀಜನ್ನು ಯಾವಾಗ ಮುಗೀತದೆ?" ಎಂದು ಕೇಳಿದರು ನಿಜಾಮುದ್ದೀನ್.

"ನವೆಂಬರು."

"ನವೆಂಬರು! ಸಂಕ್ರಾಂತಿಗೆ ಇನ್ನೂ ಎಲ್ಡು ತಿಂಗ್ಳು ಮೊದ್ಲೇ! ಯಾ ಅಲ್ಲಾ! ಲೇ ಚಲುವ, ಇಡೀ ಸೀಜನ್ನು ನಿನ್ ಮಾತಿನ ಒಳಗೇ ಅದೆ ಕಣ್ಲಾ! ನನಗೆ ಕೊಟ್ ಮಾತು, ನಾನೇ ಏಳ್ತಿವ್ನಿ."

"ಕಾಗದದಲ್ಲಿ ಮಾತ್ರ ಜೂನ್ ಒಂದೇ ಇರಲಿ," ಎಂದಳು ದೀಪಿಕ. "ನನ್ನದೂ ಜೂನ್ ಒಂದೇ. ಅದನ್ನ ಬದಲಾಯಿಸೋಕೆ ಹೋದ್ರೆ ಸೀಜನ್ನೇ ಮುಗಿದುಹೋಗುತ್ತೆ."

ಆದರೆ ಚಲುವ ಪೆನ್ನು ಮುಟ್ಟಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಈಗ ಬೈಯುತ್ತಾನೆ ಅಂದುಕೊಂಡೆ.

"ಅಂಗಾರೆ ಅಕ್ಕ, ಇಸ್ಕೂಲಲ್ಲಿ ನನ್ ಕ್ಲಾಸ್ನೋರೆಲ್ಲ ನನಗಿಂತ ಎಲ್ಡೆಲ್ಡು ವರ್ಸ ದೊಡ್ಡೋರಾ?"

"ಊಂ ಕಣೋ."

"ಮಹದೇವು? ಆ ಉದ್ದನೆ ಮಹದೇವು?"

"ಅವನು ಮೂರು ವರ್ಸ ದೊಡ್ಡೋನು. ಅವನ್ ಕೈ ಸುಲಭ್ವಾಗಿ ಕಿವಿಗೆ ಸಿಕ್ತಿತ್ತು."

ಚಲುವ ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕೊನೆಗೆ ನಿಲ್ಲಲಾಗದೆ ಬೈಕಿನ ಸೀಟು ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಏನ್ಲಾ ಅದು, ಏಳಿ ನಗು," ಎಂದು ಗದರಿದೆ.

"ಅಕ್ಕ, ಆಗಸ್ಟ್ ಅದಿನೈದರ ಓಟದಲ್ಲಿ ವರ್ಸಾ ವರ್ಸಾ ನಾನೇ ಕಡೆಗೆ ಬತ್ತಿದ್ದೆ. ಏಳು ವರ್ಸ ಕಣಕ್ಕ! ಮಹದೇವು ನನ್ನ ಕುಂಟಕೋಳಿ ಅಂತ ಕರೀತಿದ್ದ. ನನ್ ಕಾಲಲ್ಲಿ ಸಕ್ತಿ ಇಲ್ಲ ಅನ್ಕೊಂಡ್ಬುಟ್ಟಿದ್ದೆ. ಈ ಕಾಲ್ ನೆಚ್ಕೊಂಡ್ರೆ ಯಾವತ್ತೂ ಮುಂದಕ್ಕೆ ಬರಾಕಾಗಕಿಲ್ಲ ಅಂತ್ಲೇ ನಾನ್ ಗಾಡಿ ಏರಿದ್ದು!"

ಅವನು ಬಂದು ಎರಡೂ ಕೈಯಿಂದ ನನ್ನ ಭುಜ ಹಿಡಿದು ಅಲ್ಲಾಡಿಸಿದ.

"ನನ್ನ ರೇಸಿಗೆ ತಂದೋಳು ನೀನೇ ಕಣಕ್ಕ. ನಿನ್ನ ಯಾಕೆ ಬೈಲಿ?"

ನಾನು ಅವನ ಬೆನ್ನಿಗೆ ಒಂದು ಗುದ್ದಿದೆ. ಅತ್ತೆನೋ ನಕ್ಕೆನೋ ನನಗೇ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬಂತು. ದೀಪಿಕ ಕಾಗದ ಮುಂದಕ್ಕೆ ತಳ್ಳಿದಳು. ಅವನು ಬಗ್ಗಿ ಸೈನು ಹಾಕತೊಡಗಿದ.

"ಮುಂದಿನ ವರ್ಸಾನೂ ಎರಡ್ನೇಯೋನಾಗ್ ಬಂದ್ರೆ?" ಎಂದು ಕೇಳಿದರು ನಿಜಾಮುದ್ದೀನ್.

"ಬರ್ಲಿ ಬುಡಣ್ಣ," ಎಂದ ಚಲುವ, ಕಾಗದದಿಂದ ತಲೆ ಎತ್ತದೆ. "ಇಸ್ಕೂಲಲ್ಲಿ ಏಳು ವರ್ಸ ನನಗಿಂತ ದೊಡ್ಡೋರ್ ಜೊತೆ ಓಡಿವ್ನಿ. ಇನ್ನೊಂದ್ ವರ್ಸ ಚಿಕ್ಕೋರ್ ಜೊತೆ ಓಡ್ಸಿ ನೋಡ್ತೀನಿ."