ಕುರ್ಚಿಯಲ್ಲಿ ಕೂರದ ಅಕ್ಕ

ಅಕ್ಕ ಯಾವ ಕಚೇರಿಗೆ ಹೋದರೂ ಕುರ್ಚಿಯಲ್ಲಿ ಕೂರುವವಳಲ್ಲ. ಕೂತವರನ್ನು ಮರೆಯುವುದು ಸುಲಭ, ಎದುರಿಗೆ ನಿಂತವರನ್ನು ಮರೆಯಲಾಗದು ಎಂಬುದು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯಾಗಿ ಅರ್ಧ ಆಯುಷ್ಯ ಸವೆಸಿದ ಆಕೆಯ ಅಚಲ ಸಿದ್ಧಾಂತ. ಬಲ ಭುಜವನ್ನು ತುಸು ಮುಂದೆ ಚಾಚಿ, ಕಾಣದ ಬಾಗಿಲೊಂದನ್ನು ನೂಕುವವಳಂತೆ ನಡೆಯುವ ನಡಿಗೆ. ಕೆಲಸವಿರಲಿ ಬಿಡಲಿ ಮೈಮೇಲಿರುವ, ಒಗೆದೊಗೆದು ತನ್ನ ಮೂಲವರ್ಣವನ್ನೇ ಮರೆತ ಉದ್ದನೆಯ ಕೋಟು. ಎದುರಿನವರು ಯಾವ ಸಬೂಬು ಹೇಳಿದರೂ ‘ಅಂದ್ರೆ?’ ಎಂಬ ಒಂದೇ ಪ್ರಶ್ನೆ. ಅದಕ್ಕೆ ಉತ್ತರಿಸುತ್ತ ಉತ್ತರಿಸುತ್ತ ಎಂಥ ವಾಚಾಳಿಗೂ ಮಾತು ಖಾಲಿಯಾಗುತ್ತಿತ್ತು.

ಇಂಥವಳಿಗೆ ದೈವ ಕೊಟ್ಟ ತಮ್ಮನೋ ಯಾವುದಕ್ಕೂ ಸಬೂಬೇ ಹೇಳದವನು. ಗಡಿಯಾರ ರಿಪೇರಿ ಅವನ ಕಸುಬು, ಕಂಡವರ ಕಷ್ಟಕ್ಕೆ ತಲೆಹಾಕುವುದು ಚಟ. ಬಹುಕಾಲದಿಂದ ಬೀಗ ಬಿದ್ದಿದ್ದ ಚಿತ್ರಮಂದಿರದೊಳಗೆ ಪಾರಿವಾಳಗಳು ಸಿಕ್ಕಿಕೊಂಡು ಗಾಜಿಗೆ ರೆಕ್ಕೆ ಬಡಿಯುವುದನ್ನು ಕಂಡು, ಮಾಲೀಕನಿಗೆ ಹೇಳಿ ಸಾಕಾಗಿ, ಶನಿವಾರ ಸಂಜೆ ಹಿಂಬಾಗಿಲ ಬೀಗ ಮುರಿದು ನುಗ್ಗಿದ. ಹಕ್ಕಿಗಳು ಹೊರಗಾದವು, ಅವನು ಒಳಗಾದ. ಕೋರ್ಟು, ಕಚೇರಿ ಎಲ್ಲ ಸೋಮವಾರದವರೆಗೆ ಕದ ಹಾಕಿಕೊಂಡ ಮೇಲೆಯೇ ಪೊಲೀಸರು ಬಂದು ಕರೆದೊಯ್ದರು.

‘ವಾರದಲ್ಲಿ ಬೇರೆ ದಿನ ಸಿಗಲಿಲ್ವಾ ಇವನಿಗೆ?’ ಎಂದು ಗೊಣಗುತ್ತಲೇ ಅಕ್ಕ ಭಾನುವಾರ ಬೆಳಿಗ್ಗೆ ಠಾಣೆಯ ಮೇಜಿನ ಮುಂದೆ ನಿಂತಳು.

‘ಸಾಹೇಬ್ರು ಇಲ್ಲಮ್ಮ, ಕೂತ್ಕೊಳ್ಳಿ,’ ಎಂದ ಹೆಡ್ ಕಾನ್‌ಸ್ಟೆಬಲ್.

‘ಇಲ್ಲ ಅಂದ್ರೆ?’

‘ಹೊರಗೆ ಹೋಗಿದ್ದಾರೆ.’

‘ಹೊರಗೆ ಅಂದ್ರೆ?’

ಆತ ಅತ್ತಿತ್ತ ನೋಡಿ ಸೋತ ದನಿಯಲ್ಲಿ ಹೇಳಿದ: ‘ಕಟಿಂಗ್ ಮಾಡಿಸ್ಕೊಳ್ಳೋಕಮ್ಮ.’

ಸರಳುಗಳ ಹಿಂದೆ ತಮ್ಮನ ಎದೆ ಸುಂಯ್ ಸುಂಯ್ ಎನ್ನುತ್ತಿತ್ತು. ಚಿತ್ರಮಂದಿರದ ಧೂಳಿಗೆ ಹಳೆಯ ಉಬ್ಬಸ ಕೆರಳಿತ್ತು. ಅಕ್ಕ ಕೋಟಿನ ಜೇಬಿನಿಂದ ಇನ್‌ಹೇಲರ್ ತೆಗೆದು ಕೊಟ್ಟಳು. ಅದನ್ನು ಸೆಳೆದು, ಉಸಿರು ಮರಳಿದ್ದೇ ತಡ, ಅವನು ಕೇಳಿದ: ‘ಅಕ್ಕಾ, ಬಾಲ್ಕನಿಯಲ್ಲಿ ಒಂದು ಮರಿ ಉಳಿದುಬಿಟ್ಟಿದೆ. ಯಾರಿಗಾದ್ರೂ ಹೇಳ್ತೀಯಾ?’

‘ನಿನ್ನ ಉಸಿರು ನೋಡ್ಕೊಳ್ಳೋ ಮೊದಲು, ಮಾರಾಯ!’ ಎಂದು ಅಕ್ಕ ಕೂಗಿದ್ದಕ್ಕೆ ಕಟಿಂಗ್ ಮುಗಿಸಿ ಒಳಬರುತ್ತಿದ್ದ ಸಾಹೇಬರೇ ಬೆಚ್ಚಿದರು.

ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ, ಸ್ವಂತ ಮನೆಯಿರುವವರೊಬ್ಬರು ಬಂದು ಹೊಣೆ ಹೊತ್ತರೆ ಈಗಲೇ ಬಿಡುತ್ತೇನೆ, ಇಲ್ಲವಾದರೆ ನಾಳೆ ಕೋರ್ಟು ಎಂದರು ಅವರು. ಅಕ್ಕನದು ಬಾಡಿಗೆ ಮನೆ. ಇನ್ನೊಂದು ರಾತ್ರಿಯನ್ನು ಆ ಎದೆ ತಡೆದುಕೊಳ್ಳುತ್ತದೆಂಬ ಧೈರ್ಯವೂ ಅವಳಿಗಿರಲಿಲ್ಲ.

ಅಲ್ಲಿಂದ ಶುರುವಾಯಿತು ಅಲೆದಾಟ. ಪರಿಚಯದ ವಕೀಲರು ಕಾರು ತೊಳೆಯುತ್ತ, ‘ಭಾನುವಾರ ನಾನು ವಕೀಲನೇ ಅಲ್ಲಮ್ಮ,’ ಎಂದರು. ಠಾಣೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆಸ್ಪತ್ರೆಯ ಗೆಳತಿಗೆ ಸೊಂಟ ಹಿಡಿದುಕೊಂಡಿತು. ಮನೆಯ ಮಾಲೀಕರು ಒಳಗಿದ್ದುಕೊಂಡೇ ಊರಲ್ಲಿಲ್ಲವೆಂದು ಹೇಳಿಸಿದರು. ಉಳಿದವಳು ಒಬ್ಬಳೇ: ತಮ್ಮನ ಹಕ್ಕಿ, ನಾಯಿ, ನೆರೆಹೊರೆಗಳ ನಡುವೆ ತನಗೆ ಜಾಗವಿಲ್ಲವೆಂದು ಬಿಟ್ಟುಹೋಗಿ, ತನ್ನ ತಾಯಿಯಿಂದ ಬಂದ ಸ್ವಂತ ಮನೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನ ಹೆಂಡತಿ. ಅವಳು ಹೊರಟ ದಿನ ಅಕ್ಕ ಆಡಬಾರದ ಮಾತನ್ನೆಲ್ಲ ಆಡಿದ್ದಳು.

ಬಾಗಿಲು ತೆರೆದವಳ ಮುಂದೆ ಅಕ್ಕ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡಳು.

‘ಏನು ಮಾಡಿದ್ರು?’ ಎಂದು ಅವಳೇ ಕೇಳಿದಳು.

‘ಪಾರಿವಾಳ.’

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಎಲ್ಲ ಅರ್ಥವಾಗಿತ್ತು. ‘ಇರಿ, ಮನೆ ಪತ್ರ ತರ್ತೀನಿ,’ ಎಂದು ಒಳಗೆ ಹೋದಳು.

ಠಾಣೆಯಲ್ಲಿ ಸಾಹೇಬರು, ‘ಓಡಿಹೋದ್ರೆ ನೀವೇ ಹೊಣೆ ಕಣಮ್ಮ,’ ಎಂದು ಎಚ್ಚರಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ‘ಓಡೋದಾ? ಎಷ್ಟು ಕರೆದ್ರೂ ಊಟಕ್ಕೆ ಎದ್ದು ಬರ್ತಿರಲಿಲ್ಲ ಸಾರ್.’ ಸಹಿ ಮಾಡಿ ಪೆನ್ನು ಕೆಳಗಿಟ್ಟು, ಅಕ್ಕನ ಕಡೆ ತಿರುಗಿದಳು: ‘ಇದು ಠಾಣೆಗೆ ಮಾತ್ರ ಅಕ್ಕಾ, ಸಂಸಾರಕ್ಕಲ್ಲ.’

‘ಗೊತ್ತು ಕಣೇ. ಅವತ್ತು ನಾನು ಹಾಗೆಲ್ಲ ಅನ್ನಬಾರದಿತ್ತು,’ ಎಂದಳು ಅಕ್ಕ, ಗೋಡೆಯನ್ನು ನೋಡುತ್ತ.

ಹೊರಬಂದ ತಮ್ಮ ಇಬ್ಬರ ಮುಖವನ್ನೂ ನೋಡಿ, ‘ಸುಮ್ಮನೆ ತೊಂದ್ರೆ ತಗೊಂಡ್ರಿ. ನಾಳೆ ಹೇಗೂ ಬಿಡ್ತಿದ್ರು,’ ಎಂದ. ಅಕ್ಕ ಅವನ ಮೊಣಕೈ ಹಿಡಿದು, ಅವನ ಏದುಸಿರಿಗೆ ಸರಿಯಾಗಿ ತನ್ನ ಹೆಜ್ಜೆಯನ್ನು ನಿಧಾನಿಸಿ, ಮನೆ ಮುಟ್ಟುವವರೆಗೂ ಒಂದೇ ಸಮನೆ ಬೈದಳು.

ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಂಭ್ರಮದ ದಿನಗಳಲ್ಲಿ ಅವರ ಸಾಮೀಪ್ಯ ಯಾರಿಗೂ ಬೇಡ. ಅವರ ಫೋನು ಬಂದರೆ ಎತ್ತಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತೇವೆ. ಆದರೆ ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಅಪರಿಚಿತನೊಬ್ಬ ‘ನಿಮ್ಮವರಲ್ಲಿ ಯಾರಿಗೆ ತಿಳಿಸಬೇಕು?’ ಎಂದು ಕೇಳಿದಾಗ ನಮ್ಮ ಬಾಯಿಗೆ ಬರುವುದು ಅವರ ಹೆಸರೇ. ಬೈಗುಳ ತಪ್ಪಿದ್ದಲ್ಲವೆಂದು ಗೊತ್ತಿದ್ದೂ ಹೇಳುತ್ತೇವೆ, ಬೈಯುವುದಕ್ಕಾದರೂ ಅವರು ಬಂದೇ ಬರುತ್ತಾರೆಂದು.